ಅಪ್ಪನ ಕತ್ತಿನ ಗಡ್ಡ

ಹಗೂರಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಅವನ ಕೈ ಅಷ್ಟು ಹಗುರ. ಗಡ್ಡ ಹೆರೆಸಿಕೊಳ್ಳಲು ಕುಳಿತವರು ಅರ್ಧಕ್ಕೇ ಗೊರಕೆ ಹೊಡೆಯುತ್ತಿದ್ದರು. ಮುಗಿಯಿತು ಎಂದು ಭುಜ ತಟ್ಟಿದರೆ, ಇಷ್ಟು ಬೇಗ ಯಾಕೆ ಮುಗಿಸಿದೆ ಎಂದು ಮುಖ ಗಂಟಿಕ್ಕುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹೊಲಿಗೆ ಯಂತ್ರ ರಿಪೇರಿ ಮಾಡುವವನಿಗೂ ಹಾಲಿನ ಬೂತಿಗೂ ನಡುವೆ ಸಿಕ್ಕಿಕೊಂಡಿದ್ದ ಎರಡು ಕುರ್ಚಿಯ ಸಲೂನು ಅವನದು. ಒಂದು ಕುರ್ಚಿಗೆ ಅವನು, ಇನ್ನೊಂದಕ್ಕೆ ಹೆಂಡತಿಯ ತಮ್ಮ. ಭಾವಮೈದನ ಬಾಯಿ ದೊಡ್ಡದು, ಕೈ ಸುಮಾರು.

ಕೈ ಹಗುರವಿದ್ದ ಮಾತ್ರಕ್ಕೆ ಎದೆಯೂ ಹಗುರವಿರಬೇಕೆಂದಿಲ್ಲವಲ್ಲ. ಹಗೂರಣ್ಣ ಚಿಕ್ಕಂದಿನಿಂದಲೂ ಪುಕ್ಕಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡುವವನು. ಹೆಂಡತಿ ಪೇಟೆಯಿಂದ ಬರುವುದು ಸ್ವಲ್ಪ ತಡವಾದರೆ, ಯಾವ ಲಾರಿಯ ಕೆಳಗೆ ಸಿಕ್ಕಳೋ ಎಂದು ಬಾಗಿಲಲ್ಲಿ ನಿಂತು ಬೆವರುವವನು. ಮನೆಯವರಿಗೆ ಇದೊಂದು ತಮಾಷೆ. ಇವರು ಯಾವತ್ತಾದರೂ ನೆಮ್ಮದಿಯಾಗಿ ಕೂತರೆ ಆವತ್ತು ಡಾಕ್ಟರನ್ನು ಕರೆಸಬೇಕು ಎಂದು ಹೆಂಡತಿಯೇ ನಗಾಡುತ್ತಿದ್ದಳು. ನಗುವವರಿಗೇನು? ಒಳಗಿನ ಭಯ ಆ ಮನುಷ್ಯನನ್ನು ಒಂದು ದಿನವೂ ಬಿಟ್ಟಿರಲಿಲ್ಲ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕುರ್ಚಿಯ ಹಿಂದೆ ನಿಂತು ಕತ್ತಿ ಹಿಡಿದಾಗ ಮಾತ್ರ ಎಲ್ಲ ಸುಮ್ಮನಾಗುತ್ತಿತ್ತು. ಅದೊಂದು ಜಾಗ ಅವನಿಗೆ ಉಳಿದಿತ್ತು.

ಒಂದು ಬೆಳಿಗ್ಗೆ ಅದೂ ಹೋಯಿತು. ಬ್ಯಾಂಕಿನ ಗುಮಾಸ್ತನೊಬ್ಬನ ಗದ್ದ ಎತ್ತಿ ಹಿಡಿದಿದ್ದ. ಗಂಟಲಿನ ಪಕ್ಕದಲ್ಲಿ ನರ ಮಿಡಿಯುವುದು ಕಂಡಿತು. ಪ್ರತಿದಿನ ಕಾಣುವುದೇ. ಆದರೆ ಆವತ್ತು, ಕೈ ತಪ್ಪಿದರೆ ಏನು ಗತಿ ಎಂಬ ಯೋಚನೆ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಡಲಿಲ್ಲ. ಎದೆ ಡವಡವ ಹೊಡೆದುಕೊಂಡು, ಅಂಗೈ ಒದ್ದೆಯಾಗಿ, ಕತ್ತಿ ಜಾರಿ ಟವೆಲಿನ ಮೇಲೆ ಬಿತ್ತು. ಹೆಬ್ಬೆರಳು ಉಳುಕಿದೆ ಎಂದು ಏನೋ ನೆಪ ಹೇಳಿ ಭಾವಮೈದನಿಗೆ ಒಪ್ಪಿಸಿ, ಹಿಂಬದಿಯ ನಲ್ಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡ. ಅಲ್ಲಿಂದ ಮುಂದೆ ಅವನದು ಬರೀ ಕತ್ತರಿ ಬಾಚಣಿಗೆಯ ಕೆಲಸ. ಅಷ್ಟು ತಿಂಗಳು ಉಳುಕಿಯೇ ಇದ್ದ ಹೆಬ್ಬೆರಳು ಲೋಕದಲ್ಲಿ ಎಲ್ಲೂ ಇರಲಾರದು. ಆದರೂ ಗಿರಾಕಿಗಳು ನಂಬಿದರು, ಪಾಪ.

ನಂಬದವನು ಮನೆಯಲ್ಲಿದ್ದ, ಅವನಪ್ಪ. ಆತನೂ ಅದೇ ಕೆಲಸ ಮಾಡಿ ಕಣ್ಣು ಮಂಜಾದ ಮೇಲೆ ಬಿಟ್ಟವನು. ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಹಗಲೆಲ್ಲ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರುತ್ತಿದ್ದ, ಬಾಯಿಯ ಒಂದು ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಸಲೂನಿಗೆ ರಜೆಯಿದ್ದ ದಿನ ಮಗ ಬಿಸಿನೀರು ತಂದು ಅಪ್ಪನ ಗಡ್ಡ ಮಾಡುವುದು ಹಿಂದಿನಿಂದ ನಡೆದುಬಂದಿತ್ತು. ಅದೀಗ ನಿಂತಿತ್ತು. ಚರ್ಮಕ್ಕೆ ಸೋಪು ಆಗಿಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದು ಹಗೂರಣ್ಣ ಅಪ್ಪನಿಗೂ ಸುಳ್ಳು ಹೇಳಿದ. ಮಷೀನು ಹಿಡಿದು ಬಂದ ಭಾವಮೈದನನ್ನು ಮುದುಕ ಹತ್ತಿರ ಸೇರಿಸಲಿಲ್ಲ. ತಾನು ಕುರಿಯಲ್ಲ, ತನ್ನ ಮುಖಕ್ಕೆ ಮಗನ ಕೈ ಬಿಟ್ಟು ಬೇರೆ ಕೈ ಬೇಡ ಎಂದು ಹಠ ಹಿಡಿದ. ಬಿಳಿ ಗಡ್ಡ ಎದೆಗೆ ಇಳಿಯಿತು. ಅನ್ನದ ಅಗುಳು, ಹಾಲು, ಜೊಲ್ಲು ಎಲ್ಲ ಅದಕ್ಕೇ ಅಂಟಿಕೊಳ್ಳುತ್ತಿತ್ತು. ಮಗ ಕಿಟಕಿಯ ಕಡೆ ನೋಡುವುದನ್ನೇ ಬಿಟ್ಟ.

ಕೊನೆಗೆ ಮಾತು ಹೊರಬಿದ್ದದ್ದು ಹೆಂಡತಿಯ ಬಾಯಿಂದ. ಒಂದು ಮಧ್ಯಾಹ್ನ ತಟ್ಟೆ ಮುಂದಿಟ್ಟು ಎದುರಿಗೇ ಕುಳಿತಳು.

"ಮಾವ ಇವತ್ತು ಏನಂದ್ರು ಗೊತ್ತಾ? ನನ್ನ ಮುಖ ಮುಟ್ಟೋಕೆ ನನ್ನ ಮಗನಿಗೆ ಅಸಹ್ಯ ಆಗುತ್ತಮ್ಮ, ಅವನನ್ನ ಬೈಬೇಡ ಅಂದ್ರು."

ಹಗೂರಣ್ಣ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಆವತ್ತು ಅವಳ ಮುಂದೆ ಎಲ್ಲ ಹೇಳಿಕೊಂಡ. ಅವಳು ನಗಲಿಲ್ಲ. ಇಷ್ಟು ವರ್ಷ ನಕ್ಕದ್ದಕ್ಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಸ್ಪತ್ರೆಯಲ್ಲಿ ಇಂಥದ್ದಕ್ಕೇ ಮಾತಾಡಿಸಿ ಸರಿಮಾಡುವವರಿದ್ದಾರೆ, ಹೋಗಿ ಎಂದಳು. ಅವನು ಬಿಲ್‌ಕುಲ್ ಒಪ್ಪಲಿಲ್ಲ. ಅವನ ಭಯ ಸುಳ್ಳೂ ಅಲ್ಲ. ತಲೆ ಸರಿಯಿಲ್ಲ ಎಂದು ಡಾಕ್ಟರ ಹತ್ತಿರ ಹೋಗುವ ಕ್ಷೌರಿಕನ ಕೈಗೆ ಕತ್ತು ಕೊಡುವ ಗಂಡಸು ಯಾರು? ಒಬ್ಬ ಗಿರಾಕಿ ನೋಡಿದರೂ ಸಾಕು, ಕತ್ತರಿಯ ಕೆಲಸವೂ ಹೋಗುತ್ತದೆ. ಮೀನಮೇಷ ಎಣಿಸುತ್ತಲೇ ಮತ್ತಷ್ಟು ದಿನ ಕಳೆದ. ಕಿಟಕಿಯ ಬಳಿಯ ಮುದುಕ ಮಗ ಒಳಗೆ ಬಂದಾಗಲೆಲ್ಲ ಟವೆಲಿನಿಂದ ಬಾಯಿ ಮುಚ್ಚಿಕೊಳ್ಳತೊಡಗಿದ. ಅದನ್ನು ನೋಡಿದ ಮೇಲೆ ಹಗೂರಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಆಪ್ತಸಮಾಲೋಚಕಿಯ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಎಕ್ಸರೇ ಕೋಣೆಯನ್ನು ದಾಟಿ ಇತ್ತು. ಎದುರುಬದುರು ಎರಡು ಕುರ್ಚಿ. ಮೊದಲ ಸಲ ಹಗೂರಣ್ಣ ಏನೂ ಹೇಳಲಿಲ್ಲ. ಹೇಳಲಿಲ್ಲ ಅನ್ನುವುದಕ್ಕಿಂತ, ಮೇಡಂ ಹತ್ತಿರ ಅವರ ಕಥೆಯನ್ನೇ ಹೇಳಿಸಿದ. ಊಟ ಆಯಿತಾ, ಮಗು ಎಷ್ಟನೇ ಕ್ಲಾಸು, ಮನೆ ದೂರವಾ. ಕುಳಿತವರ ಬಾಯಿ ಬಿಡಿಸುವುದು ಅವನ ಕಸುಬಿನ ಅರ್ಧ ಭಾಗ. ಮೇಡಂ ಸೊಂಟನೋವಿನ ವಿಷಯದವರೆಗೂ ಬಂದು, ಆಮೇಲೆ ತಾವೇ ನಕ್ಕು ನಿಲ್ಲಿಸಿದರು. ಎರಡನೆಯ ಸಲ, ಅಂಗಡಿಯಲ್ಲಿ ಜನರ ಜೊತೆ ಹೇಗೆ ಮಾತಾಡುತ್ತೀರಿ ಎಂದು ಕೇಳಿದರು. ಹಿಂದೆ ನಿಂತು ಎಂದ. ಎದುರಿಗೆ ಕೂತು ಮುಖ ನೋಡಿ ಮಾತಾಡಿ ಅಭ್ಯಾಸವೇ ಇಲ್ಲ ಎಂದ. ಮೇಡಂ ಎದ್ದು, ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತರು. ಹಗೂರಣ್ಣ ಅವರ ಹಿಂದೆ ಹೋಗಿ ನಿಂತ. ಬಹಳ ಹೊತ್ತು ಕುರ್ಚಿಯ ಬೆನ್ನನ್ನು ಸವರಿದ. ಆಮೇಲೆ ಶುರು ಮಾಡಿದವನು ಅವಧಿ ಮುಗಿದರೂ ನಿಲ್ಲಿಸಲಿಲ್ಲ.

ಇದು ಹುಚ್ಚಲ್ಲ, ಅತಿಯಾದ ಆತಂಕ, ಬಹಳ ಜನರಿಗೆ ಇರುತ್ತದೆ ಎಂದು ಮೇಡಂ ಬಿಡಿಸಿ ಹೇಳಿದರು. ಭಯ ಬಂದಾಗ ಓಡಿಹೋಗಬಾರದು, ಅದು ಏರಿ ತಾನಾಗಿ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು, ಅದೇ ಅಭ್ಯಾಸ. ಮೊದಲು ಮಡಿಸಿದ ಕತ್ತಿ ಹಿಡಿದು ಉಸಿರಾಡುವುದು, ಆಮೇಲೆ ಬಿಡಿಸಿ ಹಿಡಿಯುವುದು, ಆಮೇಲೆ ತನ್ನದೇ ಮುಂಗೈಯ ಕೂದಲು ತೆಗೆಯುವುದು. ಅವನ ಮುಂಗೈಗಳೆರಡೂ ಮಗುವಿನ ಕೈಯಂತೆ ನುಣುಪಾದವು. ಭಾವಮೈದ ನೋಡಿ, ಸಿನಿಮಾದಲ್ಲಿ ಚಾನ್ಸ್ ಏನಾದರೂ ಸಿಕ್ಕಿತಾ ಎಂದು ಛೇಡಿಸಿದ. ಮುಂದಿನ ಹೆಜ್ಜೆ ಮಾತ್ರ ಕಷ್ಟದ್ದು. ಅಪ್ಪನಿಗೆ ನಿಜ ಹೇಳಬೇಕಿತ್ತು.

ಅದನ್ನೂ ಹಿಂದೆ ನಿಂತೇ ಹೇಳಿದ. ಅಪ್ಪನ ತಲೆಗೂದಲಿಗೆ ಕತ್ತರಿ ಆಡಿಸುತ್ತ, ಚರ್ಮ, ಸೋಪು, ಡಾಕ್ಟರು ಎಲ್ಲ ಸುಳ್ಳು ಎಂದ.

"ಅಸಹ್ಯ ಅಲ್ಲಪ್ಪ. ಭಯ. ನಿನ್ನ ಕತ್ತಿಗೆ ಎಲ್ಲಿ ಏನು ಮಾಡಿಬಿಡ್ತೀನೋ ಅಂತ ಕೈ ನಡುಗುತ್ತೆ."

ಮುದುಕನ ಭುಜ ಅಲುಗಿತು. ಅಳುತ್ತಿದ್ದಾನೆ ಎಂದು ಮಗ ಬಗ್ಗಿ ನೋಡಿದರೆ, ಅರ್ಧ ಬಾಯಲ್ಲೇ ನಗುತ್ತಿದ್ದ. ಕಣ್ಣಲ್ಲಿ ನೀರೂ ಇತ್ತು.

"ಅಷ್ಟೇನಾ? ನಾನು ಏನೇನೋ ಅಂದ್ಕೊಂಡು ಕೊರಗಿದ್ನಲ್ಲೋ," ಎಂದ, ತೊದಲುತ್ತ. "ನೀನು ಗಡ್ಡ ಮಾಡೋದು ಕಲ್ತಿದ್ದು ಈ ಮುಖದ ಮೇಲೇ. ಆಗ ಎಷ್ಟು ಕಡೆ ಕುಯ್ದಿದ್ದೆ. ಸತ್ತೆನಾ? ಇನ್ನೊಂದು ಸಲ ಕಲಿ, ಹೋಗು, ನೀರು ಕಾಯಿಸು."

ಹೀಗೆ ಎರಡನೆಯ ಸಲ ಕಲಿಯುವುದು ಶುರುವಾಯಿತು. ಒಂದು ವಾರ ಬರೀ ನೊರೆ ಹಚ್ಚಿ ಒರೆಸಿದ. ಮುಂದಿನ ವಾರ ಕಿವಿಯ ಪಕ್ಕ ಒಂದು ಗೀಟು ಎಳೆದ. ಭಯ ಏರಿತು, ಆದರೆ ಮೇಡಂ ಹೇಳಿದಂತೆ ನಿಂತ. ಅದು ಇಳಿಯಿತು. ನಿಧಾನವಾಗಿ ಒಂದು ಕೆನ್ನೆ, ಆಮೇಲೆ ಇನ್ನೊಂದು ಕೆನ್ನೆ, ಆಮೇಲೆ ಮೀಸೆಯ ಅಂಚು. ಕತ್ತಿನ ಹತ್ತಿರ ಬಂದಾಗ ಮಾತ್ರ ಕೈ ಹಿಂದೆ ಸರಿಯುತ್ತಿತ್ತು. ಮುದುಕನ ಕೆನ್ನೆಯೆಲ್ಲ ನುಣ್ಣಗೆ, ಗದ್ದದ ಕೆಳಗೆ ಮಾತ್ರ ಬಿಳಿಯ ಗೊಂಚಲು. ನೋಡಲು ಬಂದವರು ನಕ್ಕರೆ ತಾನೂ ನಗುತ್ತಿದ್ದ. "ಹೋತದ ಥರ ಕಾಣ್ತೀನಿ ಅಲ್ವಾ? ಇರ್ಲಿ, ನನ್ನ ಮಗ ಮುಗಿಸ್ತಾನೆ," ಎನ್ನುತ್ತಿದ್ದ. ಮಗನ ಕೈ ಹಿಂದೆ ಸರಿದಾಗಲೆಲ್ಲ, ಬರುವ ವಾರ ನೋಡೋಣ ಬಿಡು ಎಂದು ತಾನೇ ಟವೆಲು ಕೊಡವುತ್ತಿದ್ದ. ಆ ಮನೆಯಲ್ಲಿ ಅಪ್ಪ ಮಗ ಅಷ್ಟು ಹತ್ತಿರ ಕುಳಿತದ್ದು, ಅಷ್ಟು ಮಾತಾಡಿದ್ದು ಅದೇ ದಿನಗಳಲ್ಲಿ. ಬರುವ ವಾರ ಕತ್ತಿನ ಗಡ್ಡಕ್ಕೆ ಕೈ ಹಾಕುವುದು ಎಂದು ಮೇಡಂ ಹತ್ತಿರ ಹಗೂರಣ್ಣ ಮಾತು ಕೊಟ್ಟು ಬಂದ.

ಸಲೂನಿನ ರಜೆಗೆ ಇನ್ನೂ ಎರಡು ದಿನವಿರುವಾಗ, ಬೆಳಿಗ್ಗೆ ಕಾಫಿ ಹಿಡಿದು ಹೋದ ಸೊಸೆ ಮಾವನನ್ನು ಕೂಗಿದಳು. ಮುದುಕ ಏಳಲಿಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದ.

ಮನೆ ತುಂಬ ಜನ ಸೇರಿದರು. ಹಗೂರಣ್ಣ ಗೋಡೆಗೆ ಒರಗಿ ಕೂತವನು ಅಳಲಿಲ್ಲ. ಹಿರಿಯರೊಬ್ಬರು ಕತ್ತಿನ ಗಡ್ಡವನ್ನು ನೋಡಿ, ಹೀಗೇ ಕಳಿಸುವುದು ಚೆನ್ನಾಗಿರುವುದಿಲ್ಲ, ಒಂದಿಷ್ಟು ತೆಗೆದುಬಿಡಪ್ಪ ಎಂದು ಭಾವಮೈದನಿಗೆ ಹೇಳಿದರು. ಅವನು ಕ್ಷೌರದ ಪೆಟ್ಟಿಗೆ ತೆರೆಯುವಷ್ಟರಲ್ಲಿ ಹಗೂರಣ್ಣ ಎದ್ದು ಬಂದ. ಹೆಂಡತಿ ಬಿಸಿನೀರು ತಂದಳು. ಅದರ ಅಗತ್ಯವೇನಿತ್ತೋ, ತಂದಳು. ಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗದ್ದ ಎತ್ತಿ ಹಿಡಿದಳು.

ನೊರೆ ಹಚ್ಚಿ ಅವನು ಕತ್ತಿ ಇಟ್ಟ. ಎದೆ ಹೊಡೆದುಕೊಳ್ಳಲಿ ಎಂದು ಕಾದ. ಹೊಡೆದುಕೊಳ್ಳಲಿಲ್ಲ. ಅಂಗೈ ಒಣಗಿಯೇ ಇತ್ತು. ಗಂಟಲಿನ ಪಕ್ಕದ ನರ ಸುಮ್ಮನೆ ಮಲಗಿತ್ತು. ಅದರ ಮೇಲೆ ಕತ್ತಿ ಸಲೀಸಾಗಿ ಹಾದು ಬಂತು, ಇನ್ನೊಂದು ಪಕ್ಕವೂ ಹಾಗೇ. ಇಷ್ಟು ವರ್ಷ ಯಾವ ನೆಮ್ಮದಿಗೆ ಹಂಬಲಿಸಿದ್ದನೋ ಅದು ಈಗ ಕೈತುಂಬ ಬಂದು ಕೂತಿತ್ತು. ಅದನ್ನು ಯಾರಾದರೂ ವಾಪಸ್ ತೆಗೆದುಕೊಂಡು ಆ ನಡುಕವನ್ನು ಕೊಟ್ಟಿದ್ದರೆ ಕಾಲಿಗೆ ಬೀಳುತ್ತಿದ್ದ.

ಹೆಂಡತಿ ನೋಡುತ್ತಲೇ ಇದ್ದಳು. ಅವನಿಗೆ ಧೈರ್ಯವಾಗಲಿ ಎಂದೋ ಏನೋ, ಮೆಲ್ಲಗೆ ಹೇಳಿದಳು.

"ನೋಡ್ರೀ, ಕೈ ನಡುಗ್ಲೇ ಇಲ್ಲ."

ಹಗೂರಣ್ಣ ಅಪ್ಪನ ಕತ್ತನ್ನು ಟವೆಲಿನಿಂದ ಒರೆಸಿದ. ಎಲ್ಲೂ ಒಂದು ಗೀರೂ ಇರಲಿಲ್ಲ.

"ಇನ್ನು ಯಾರಿಗೆ ಏನಾಗುತ್ತೆ ಅಂತ ನಡುಗ್ಬೇಕು?" ಎಂದ. ಆಮೇಲೆ ಆ ನುಣುಪಾದ ಗದ್ದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸೇರಿದ ಜನರೆಲ್ಲ ನೋಡುತ್ತಿರುವಂತೆಯೇ, ದೊಡ್ಡ ದನಿ ತೆಗೆದು ಅತ್ತ.