ಅಮ್ಮನಿಗೆ ಎಲೆಅಡಿಕೆ

ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗದ ಕಡೆ ಕಾಂಪೌಂಡರ್ ಆಗಿದ್ದೆ. ನನ್ನ ಸೈಕಲ್ ಕಂಡರೆ ರೋಗಗಳು ಓಡುತ್ತಿದ್ದವು. ಸೂಜಿಗೆ ಹೆದರಿದ ಜನ ಅವಕ್ಕಿಂತ ಮುಂದೆ ಓಡುತ್ತಿದ್ದರು. ಆ ಬೇಸಿಗೆಯ ದಡಾರ ಮಾತ್ರ ಜಗ್ಗಲಿಲ್ಲ. ಮನೆ ಮನೆ ಅಲೆದು ನಾನೇ ಸೋತುಹೋದೆ.

ಮತ್ತೋಡಿನ ಹತ್ತಿರ ಕುರಿಯವರ ಮನೆಯಲ್ಲಿ ಪುಟ್ಟ ಹುಡುಗಿಯೊಂದು ದಡಾರದಿಂದ ಬಳಲಿ, ಹಾಲೂ ನುಂಗಲಾಗದೆ ಮಲಗಿತ್ತು. ನಾಲಿಗೆ ತುಂಬ ಬೆಳ್ಳಗೆ ಅಗ್ರ. ಮೈ ಸೋತಾಗ ಬಾಯಲ್ಲಿ ಹಬ್ಬುವ ಬೂಷ್ಟು ಅದು. ಹಚ್ಚಲು ನೇರಳೆ ಬಣ್ಣದ ಔಷಧಿ ತೆಗೆದೆ. ಅಜ್ಜಿ ಅಡ್ಡ ಬಂದಳು.

"ಮುಟ್ಟಬ್ಯಾಡ್ರಿ! ಮಗೀಗೆ ಅಮ್ಮ ಬಂದವ್ಳೆ. ಅದು ಅಮ್ಮ ಉಂಡ ಮೊಸರನ್ನ. ಔಷಧಿ ಹಾಕಿದ್ರೆ ಮುನಿಸ್ಕಂತಾಳೆ."

ವಾದ ಮಾಡಲು ನನಗೆ ಉಸಿರಿರಲಿಲ್ಲ. ನೇರಳೆ ಸೀಸೆಯನ್ನೇ ಎತ್ತಿ ತೋರಿಸಿ ಕೇಳಿದೆ: "ಊಟ ಹಾಕಿದ್ರಲ್ಲಜ್ಜಿ, ಎಲೆಅಡಿಕೆ ಕೊಟ್ರಾ? ಬಾಯಿಗೆ ಬಣ್ಣ ಬ್ಯಾಡ್ವಾ ಅಮ್ಮಗೆ?"

ಅಜ್ಜಿ ಯೋಚಿಸಿದಳು. "ಅದೂ ಖರೇನೆ. ಆದ್ರೆ ಒಬ್ಬಳಿಗೇ ಹೆಂಗೆ ಕೊಡಾದು? ಜತಿಗೆ ನೀವೂ ಹಾಕ್ಕಳ್ರಿ."

ಹಾಕಿಕೊಂಡೆ. ನನ್ನ ನೇರಳೆ ನಾಲಿಗೆ ನೋಡಿ ಹುಡುಗಿ ಬಾಯಿಬಿಟ್ಟಿತು. ತಕ್ಷಣ ಹಚ್ಚಿದೆ. ದಿನಾ ಹೋಗಿ ಹಚ್ಚಿದೆ, ದಿನಾ ನನಗೂ ಪಾಲು. ಕೊನೆಗೊಂದು ದಿನ ಅದು ಲೋಟ ತುಂಬ ಗಂಜಿ ಕುಡಿಯಿತು.

ಕೀರ್ತಿಯೆಲ್ಲ ಅಮ್ಮನಿಗೆ ಹೋಯಿತು. ನನಗೆ ಸಿಕ್ಕಿದ್ದು ಹೆಂಡತಿಯ ಬೈಗುಳ: "ಒಂದು ದಿನಾನಾದ್ರೂ ಮನೇಗೆ ನಾಕು ನೇರಳೆಹಣ್ಣು ತರಬಾರ್ದಾ?"