ಕೋಟಿ ವರ್ಷ ದೂರದ ಐತವಾರ

ಹಳಿಯಾಳದಲ್ಲಿ ನನ್ನ ಮನೆಯ ಪಕ್ಕ ಒಂದು ಖಾಲಿ ಸೈಟು ಇದೆ. ಕಳೆದ ಭಾನುವಾರ ಬೆಳಿಗ್ಗೆ ಯಾರೋ ಅಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಹಚ್ಚಿ ಕಳೆ ಕೀಳಿಸುತ್ತಿದ್ದರು. ಮಳೆ ಬಿದ್ದ ಮಣ್ಣಿನಿಂದ ಬೇರುಸಹಿತ ಕಿತ್ತ ಹುಲ್ಲಿನ ವಾಸನೆಯನ್ನು ನೀವೂ ಬಲ್ಲಿರಿ. ಅರ್ಧ ಹಸಿರು, ಅರ್ಧ ಕೆಸರು. ಚಹಾದ ಕಪ್ಪು ಹಿಡಿದು ಕಿಟಕಿಯ ಬಳಿ ನಿಂತಿದ್ದ ನಾನು, ಆ ವಾಸನೆ ಮೂಗಿಗೆ ಬಡಿದದ್ದೇ ಕಪ್ಪನ್ನು ಹಾಗೇ ಕೆಳಗಿಟ್ಟೆ. "ಯಾಕ, ಸಕ್ಕರಿ ಕಡಿಮಿ ಆತೇನು?" ಎಂದಳು ಹೆಂಡತಿ. ಸಕ್ಕರೆ ಸರಿಯಾಗಿಯೇ ಇತ್ತು. ನನಗೆ ನತಾಲಿನಬಾಯಿಯ ನೆನಪಾಗಿತ್ತು, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ತೇರಗಾಂವದ ಕಡೆಯ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದೆ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ತಲೆಯ ತುಂಬ ಬಿ.ಎಸ್ಸಿ. ಹಳ್ಳಿಯಲ್ಲಿ ವಿಜ್ಞಾನದ ಮಾಸ್ತರ ಎಂದರೆ ಏನೆಂದು ನಿಮಗೆ ಗೊತ್ತಿರಬೇಕು. ಎಮ್ಮೆ ಹಾಲು ಯಾಕೆ ಬತ್ತಿತು, ಗ್ರಹಣದ ದಿನ ಬಸುರಿಯರು ಏನು ಮಾಡಬೇಕು, ಕೆಟ್ಟ ರೇಡಿಯೋಕ್ಕೆ ಯಾವ ತಂತಿ, ಎಲ್ಲದಕ್ಕೂ ಅವನನ್ನೇ ಕೇಳುವುದು. 'ಗೊತ್ತಿಲ್ಲ' ಎನ್ನುವ ಮಾತನ್ನು ನಾನು ಕಲಿತೇ ಇರಲಿಲ್ಲ. ಒಮ್ಮೆ ಯಾರದೋ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಕೈಯಲ್ಲೇ ಉಳಿದವು. "ಇವು ಹೆಚ್ಚಿನವು, ಕಂಪನಿಯವರು ಸುಮ್ಮನೆ ಹಾಕಿರ್ತಾರ" ಎಂದು ಹೇಳಿ ಕಳಿಸಿದೆ. ಆ ರೇಡಿಯೋ ಮತ್ತೆ ಹಾಡಲಿಲ್ಲ. ಆದರೂ ನನ್ನ ಮೇಲಿನ ನಂಬಿಕೆಗೆ ಊರಲ್ಲಿ ಏನೂ ಆಗಲಿಲ್ಲ, ನನಗೆ ನನ್ನ ಮೇಲಿದ್ದ ನಂಬಿಕೆಗಂತೂ ಏನೂ ಆಗುವಂತಿರಲಿಲ್ಲ.

ನಾನು ಬಾಡಿಗೆಗಿದ್ದದ್ದು ಊರಿನ ದೊಡ್ಡ ಜಮೀನುದಾರರೊಬ್ಬರ ಮನೆಯ ಮುಂಭಾಗದ ಕೋಣೆಯಲ್ಲಿ. ಎಲ್ಲರೂ ಅವರನ್ನು ಸಾವಕಾರರು ಎನ್ನುತ್ತಿದ್ದರು. ಅವರ ಭತ್ತ, ಹತ್ತಿ, ಕಬ್ಬಿನ ಹೊಲಗಳಿಗೆ ಕೆಲಸಕ್ಕೆ ಬರುತ್ತಿದ್ದವರು ಎರಡು ಮೈಲಿ ಆಚೆ, ಕಾಡಿನ ಅಂಚಿಗೆ ವಾಡೆ ಎನ್ನುವ ಸಣ್ಣ ಕೇರಿಯ ಸಿದ್ದಿ ಹೆಂಗಸರು. ಅಲ್ಲಿನ ಹದಿನೈದಿಪ್ಪತ್ತು ಮನೆಯವರು ಕ್ರೈಸ್ತರು. ಪಾದ್ರಿಗಳು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಹಂಚಿನ ಪ್ರಾರ್ಥನಾಮಂದಿರದಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮಪಾಠ ಮಾಡುವುದು ನತಾಲಿನಬಾಯಿಯ ಕೆಲಸ. ನಾಲ್ಕನೆಯ ಇಯತ್ತೆ ಓದಿದ ಹೆಂಗಸು. ವಾರವೆಲ್ಲ ಸಾವಕಾರರ ಹೊಲದಲ್ಲಿ ಕುಡುಗೋಲು, ಭಾನುವಾರ ಕೈಯಲ್ಲಿ ಪುಸ್ತಕ.

ಆ ಭಾನುವಾರದ ಬಿಡುವನ್ನು ಆಕೆ ಗಳಿಸಿದ ಕತೆಯನ್ನು ಸಾವಕಾರರೇ ನನಗೆ ಹೇಳಿದ್ದರು, ಅದೂ ಮೆಚ್ಚಿಕೊಂಡು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಆದರೆ ಕೆಲಸದ ಆಳುಗಳಿಗೆ ಯಾವ ವಾರವೂ ಇರಲಿಲ್ಲ. ಒಂದು ಸೋಮವಾರ ಕೊಟ್ಟಿಗೆಯಲ್ಲಿ ಆರಾಮಾಗಿ ಮೆಲುಕು ಹಾಕುತ್ತಿದ್ದ ಎತ್ತುಗಳ ಮುಂದೆ ನಿಂತು ನತಾಲಿನಬಾಯಿ ಕೇಳಿದಳಂತೆ. "ಧಣೇರ, ಎತ್ತಿಗೆ ಸೋಮಾರ ಐತಿ. ನಮಗ ಯಾವ ವಾರ ರೀ? ನಮ್ಮ ದೇವರು ಆರು ದಿವಸ ದುಡದು, ಏಳನೇ ದಿವಸ ತಾನ ಕುಂತಾನ. ಐತವಾರ ನಾವೂ ಕುಂದ್ರತೇವಿ." ದೇವರೇ ಕೂತದ್ದು ಎಂದಮೇಲೆ ಸಾವಕಾರರು ಎದುರಾಡಲಿಲ್ಲ. ಅವರು ದೇವರಿಗೆ ಹೆದರುವ ಮನುಷ್ಯ, ಯಾರ ದೇವರಾದರೂ ಸರಿ. ಅಂದಿನಿಂದ ನಾಲ್ಕು ವರ್ಷ ವಾಡೆಯ ಹೆಂಗಸರು ಭಾನುವಾರ ಹೊಲಕ್ಕೆ ಕಾಲಿಡಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು, ಮಕ್ಕಳ ಅಂಗಿ ಹೊಲಿಯುವುದು, ಮಧ್ಯಾಹ್ನ ಕಣ್ಣು ಮುಚ್ಚುವುದು, ಎಲ್ಲ ಆ ಒಂದು ದಿನ.

ಆಷಾಢದ ಒಂದು ಸಂಜೆ ಆಕೆ ನನ್ನ ಕೋಣೆಯ ಬಾಗಿಲಿಗೆ ಬಂದಳು. ಕಾಲಿಗೆ ಕೆಸರು, ಸೆರಗಿನ ಕೆಳಗೆ ಬೈಬಲ್ಲು.

"ಸರ್, ಒಂದು ಮಾತು ಕೇಳಾಕ ಬಂದೀನ್ರಿ. ನಿಮ್ಮ ಸಾಲಿ ಹುಡುಗಿ ಲೂಸಿ ನನ್ನ ಪೇಚಿನ್ಯಾಗ ಸಿಗಸ್ಯಾಳ. ನೀವು ಕಲಿಸೀರಂತಲ್ರಿ, ಬಿಸಲಿಲ್ದ ಹುಲ್ಲು ಬೆಳಿಯೂದಿಲ್ಲಂತ."

"ಹೌದು, ಕಲಿಸೇನಿ."

"ಈ ಪುಸ್ತಕದಾಗ, ದೇವರು ಜಗತ್ತು ಮಾಡುವಾಗ, ಹುಲ್ಲು, ಗಿಡ ಮೂರನೇ ದಿವಸ ಹುಟ್ಟ್ಯಾವ್ರಿ. ಸೂರ್ಯಾ ನಾಕನೇ ದಿವಸ ಬಂದಾನ. ಸೂರ್ಯಾ ಇಲ್ದ ಹುಲ್ಲು ಹೆಂಗ ಬೆಳೀತು ಅಂತಾಳ. ನಾನೂ ಹೊಲದಾಗ ದುಡಿಯಾಕಿ, ನನಗೂ ಖರೆ ಅನಸ್ತು. ಏನ್ ಹೇಳ್ಲಿ ರೀ ಹುಡುಗರಿಗೆ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಎಂಟನೆಯ ತರಗತಿಯ ಹುಡುಗಿ ಕೇಳಿದ್ದು, ಹೊಲದಲ್ಲಿ ದುಡಿಯುವ ಹೆಂಗಸು ಮುಚ್ಚಿಡದೆ ಹೊತ್ತು ತಂದದ್ದು. "ವಿಜ್ಞಾನ ಹೇಳುವುದು ಬೇರೆ, ಈ ಪುಸ್ತಕ ಹೇಳುವ ರೀತಿ ಬೇರೆ. ಎರಡೂ ಹೇಗೆ ಕೂಡುತ್ತವೋ ನನಗೆ ಗೊತ್ತಿಲ್ಲ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೊತ್ತಿಲ್ಲದ ಪುಸ್ತಕವನ್ನು ಹಳಿಯಲು ನನಗೂ ಮನಸ್ಸಿರಲಿಲ್ಲ. ಆಕೆಗೆ ನೋವಾಗಬಾರದು, ವಿಜ್ಞಾನವೂ ಗೆಲ್ಲಬೇಕು, ಮುಖ್ಯವಾಗಿ ನಾನು ಜಾಣನಾಗಿ ಕಾಣಬೇಕು. ಹೀಗಾಗಿ ಒಂದು ರಾಜಿ ಪಂಚಾಯಿತಿ ಮಾಡಿದೆ.

"ದಿನ ಅಂದ್ರ ನಮ್ಮ ನಿಮ್ಮ ದಿನ ಅಲ್ಲ, ನತಾಲಿನಬಾಯಿ. ಅಲ್ಲಿ ಒಂದೊಂದು ದಿನಾನೂ ಕೋಟಿಗಟ್ಟಲೆ ವರ್ಷ. ಮೊದಲ ದಿವಸ ದೇವರು ಮಾಡಿದ ಬೆಳಕು ಅಂದ್ರ ದೊಡ್ಡ ಸ್ಫೋಟದ ಬೆಳಕು. ಆಮ್ಯಾಲೆ ಭೂಮಿಗೆ ದಟ್ಟ ಮೋಡ ಮುಸುಕಿತ್ತು. ನಾಲ್ಕನೇ ದಿವಸ ಮೋಡ ಸರೀತು, ಸೂರ್ಯ ಕಂಡ. ಅಷ್ಟ."

ಮೂರನೇ ದಿವಸದ ಹಣ್ಣಿನ ಮರಗಳು ಐದನೇ ದಿವಸದ ಮೀನಿಗಿಂತ ಮೊದಲು ಹುಟ್ಟಿದ್ದು ಯಾವ ವಿಜ್ಞಾನದಲ್ಲಿ ಎಂದು ಆಕೆ ಕೇಳಲಿಲ್ಲ, ಕೇಳಲು ನಾನೂ ಬಿಡಲಿಲ್ಲ. ಆಕೆ ಬೆರಳು ಮಡಚುತ್ತ ಎಣಿಸಿಕೊಂಡಳು. ಆರಕ್ಕೆ ಬಂದು ನಿಂತಳು.

"ಏಳನೇದೂ ಹಂಗ ಏನ್ರಿ? ಅದೂ ಕೋಟಿ ವರ್ಷ?"

"ಎಲ್ಲಾ ಹಂಗ" ಎಂದೆ.

ಆಕೆ ಮಡಚಿದ ಬೆರಳು ಬಿಚ್ಚಿದಳು. "ಆತ್ರಿ ಸರ್, ನೀವು ಓದಿದವರು" ಎಂದು ಹೊರಟುಹೋದಳು. ಆ ಪ್ರಶ್ನೆಯ ಭಾರ ನನಗೆ ತಿಳಿಯಲಿಲ್ಲ. ಹೊಟ್ಟೆಗೆ ತಟ್ಟುವ ಪ್ರಶ್ನೆಗಳು ಮಾಸ್ತರರ ಕಿವಿಗೆ ಒಮ್ಮೊಮ್ಮೆ ಬೀಳುವುದೇ ಇಲ್ಲ.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಎರಡು ದಿನ ಬಿಟ್ಟು ಕಟ್ಟೆಯ ಮೇಲೆ ಚಹಾ ಕುಡಿಯುವಾಗ ಸಾವಕಾರರು, "ನತಾಲಿನಾ ಯಾಕ ಬಂದಿದ್ಲರೀ ಮಾಸ್ತರ?" ಎಂದು ಕೇಳಿದರು. ನಾನು ಹುರುಪಿನಿಂದ ಎಲ್ಲ ಹೇಳಿದೆ. ಬೈಬಲ್ಲಿಗೂ ವಿಜ್ಞಾನಕ್ಕೂ ನಾನು ಮಾಡಿಸಿದ ಸಂಧಾನವನ್ನು ಕೈಸನ್ನೆ ಸಮೇತ ವಿವರಿಸಿದೆ. ಸಾವಕಾರರು ಬಹಳ ಹೊತ್ತು ನಕ್ಕರು. ನನ್ನ ಬುದ್ಧಿವಂತಿಕೆಗೆ ನಗುತ್ತಿದ್ದಾರೆಂದು ತಿಳಿದು ನಾನೂ ಉಬ್ಬಿದೆ.

ಮುಂದಿನ ವಾರ ಮಳೆ ಬಿಡುವು ಕೊಟ್ಟಿತು. ಭತ್ತದ ಗದ್ದೆಯಲ್ಲಿ ಕಳೆ ಮೊಣಕಾಲಿಗೆ ಬಂದಿತ್ತು. ಶನಿವಾರ ಸಂಜೆ ಹೆಂಗಸರು ಕೆಲಸ ಮುಗಿಸಿ ಅಂಗಳದಲ್ಲಿ ನಿಂತಿದ್ದಾಗ ಸಾವಕಾರರು, "ನಾಳೆನೂ ಬರ್ರಿ" ಎಂದರು.

"ನಾಳೆ ಐತವಾರ ರೀ" ಎಂದಳು ನತಾಲಿನಬಾಯಿ.

"ಎಲ್ಲೀ ಐತವಾರ? ನಿಮ್ಮ ಪುಸ್ತಕದಾಗ ಒಂದು ದಿನಕ್ಕ ಕೋಟಿ ವರ್ಷ ಅಂತಲ್ಲ. ನೀವು ಕೆಲಸಕ್ಕ ಹತ್ತಿ ಸೋಮಾರ ಸುದ್ದಾ ದಾಟಿಲ್ಲ ಇನ್ನ. ಐತವಾರ ಭಾಳ ದೂರ ಐತಿ. ನಾ ಹೇಳಿದ್ದಲ್ಲ ಇದು, ಸೈನ್ಸ್ ಮಾಸ್ತರು ಹೇಳಿದ್ದು. ಕೇಳ್ರಿ ಬೇಕಾದ್ರ."

ಅಂಗಳ ನಕ್ಕಿತು. ಹೆಂಗಸರಲ್ಲೂ ಒಬ್ಬಿಬ್ಬರು ನಕ್ಕರು. ನತಾಲಿನಬಾಯಿ ಕಟ್ಟೆಯ ಮೇಲಿದ್ದ ನನ್ನ ಕಡೆ ನೋಡಿದಳು. ಹಿಂದಿನ ಭಾನುವಾರವೇ ಆಕೆ ಆ ಮಾತನ್ನು ಮಕ್ಕಳಿಗೆ ಪಾಠ ಮಾಡಿದ್ದಳು. ತಾನು ಕಲಿಸಿದ್ದನ್ನು ತಾನೇ ಸುಳ್ಳೆನ್ನಲು ಆಕೆಗೆ ಬಾಯಿರಲಿಲ್ಲ. ಸುಳ್ಳೆನ್ನಬಹುದಾಗಿದ್ದವನು ನಾನೊಬ್ಬನೇ. ಸಾವಕಾರರ ಚಹಾ ನನ್ನ ಕೈಯಲ್ಲಿತ್ತು. ನಾನೂ ನಕ್ಕೆ.

ಮರುದಿನ ಹೆಂಗಸರು ಬಂದರು. ಕೋಣೆಯ ಕಿಟಕಿಯವರೆಗೂ ಕಿತ್ತ ಕಳೆಯ ವಾಸನೆ ಬರುತ್ತಿತ್ತು. ಅದರ ಮುಂದಿನ ಭಾನುವಾರವೂ ಬಂದರು. ಆಮೇಲೆ ಯಾರೂ ನೆಪ ಹೇಳುವ ಅಗತ್ಯವೇ ಬೀಳಲಿಲ್ಲ. ಧರ್ಮಪಾಠ ಮುಂಜಾನೆ ಹೊತ್ತು ಮೂಡುವ ಮೊದಲಿಗೆ ಸರಿಯಿತು. ಸಾವಕಾರರು ಕೆಟ್ಟವರೇನಲ್ಲ, ಕಳೆಯ ಅವಸರದಲ್ಲಿ ಒಂದು ನಗೆಮಾತು ಆಡಿದರು. ಆ ನಗೆಮಾತನ್ನು ಅವರ ಬಾಯಿಗೆ ಇಟ್ಟವನು ನಾನು.

ಬೈಬಲ್ಲಿನ ಸೃಷ್ಟಿಯ ಕತೆಗೂ ವಿಜ್ಞಾನಕ್ಕೂ ಜಗಳವಿದೆಯೇ ಎಂದು ಬಹಳ ಜನ ಬಹಳ ಬರೆದಿದ್ದಾರೆ. ಆಮೇಲೆ ನಾನೂ ಒಂದಷ್ಟು ಓದಿದೆ. ಜಗಳ ಇದೆ ಎನ್ನುವವರಿಗೂ ಇಲ್ಲ ಎನ್ನುವವರಿಗೂ ಅವರವರ ಕಾರಣಗಳಿವೆ. ನನಗೆ ಕಾಣುವುದು ಇಷ್ಟು. ನತಾಲಿನಬಾಯಿ ಆ ಕತೆಯನ್ನು ಭೂಮಿಯ ವಯಸ್ಸು ತಿಳಿಯಲು ಓದಿರಲಿಲ್ಲ. ದುಡಿಯುವವನಿಗೆ ಕೂರುವ ಹಕ್ಕಿದೆ ಎನ್ನುವುದು ಅದರಲ್ಲಿ ಆಕೆಗೆ ಸಿಕ್ಕಿತ್ತು. ನಾನು ಹುಲ್ಲಿನ ಪಾಠಕ್ಕೆ ಅದನ್ನು ಹೊಂದಿಸಲು ಹೋಗಿ, ಆಕೆ ಕೂರುತ್ತಿದ್ದ ಮಣೆಯನ್ನೇ ಎಳೆದೆ. ಅತ್ತ ವಿಜ್ಞಾನವನ್ನೂ ನೆಟ್ಟಗೆ ಹೇಳಲಿಲ್ಲ.

ಏಳೆಂಟು ವರ್ಷದ ನಂತರ, ನನಗೆ ಜೋಯಿಡಾಕ್ಕೆ ವರ್ಗವಾಗಿದ್ದಾಗ, ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. ಕೂದಲು ಬೆಳ್ಳಗಾಗಿತ್ತು, ಪಕ್ಕದಲ್ಲಿ ಬಟ್ಟೆಯ ಗಂಟು.

"ಗೋವಾಕ್ಕ ಹೊಂಟೀನ್ರಿ ಸರ್, ಮನಿಗೆಲಸಕ್ಕ. ಅಲ್ಲಿ ಐತವಾರ ಸೂಟಿ ಕೊಡ್ತಾರಂತ್ರಿ. ಇಗರ್ಜಿಗೆ ಪ್ರಾರ್ಥನಿಗೆ ಹೋಗಾಕ ಬಿಡ್ತಾರಂತ."

ಒಂದು ದಿನದ ಬಿಡುವಿಗಾಗಿ ಅರವತ್ತರ ಹೆಂಗಸು ಊರು, ಮೊಮ್ಮಕ್ಕಳು, ಪಾಠ ಎಲ್ಲ ಬಿಟ್ಟು ಹೊರಟಿದ್ದಳು. ಅವಳ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ನಾನು ಹೇಳಬೇಕಾದ ಮಾತಿಗೆ ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ತಾಸು ನಾನು ಆ ವರ್ಷದ ಮಳೆಯ ಬಗ್ಗೆ ಮಾತಾಡಿದೆ. ಬಸ್ಸು ಹತ್ತುವಾಗ ಆಕೆ, "ನೀವು ಚಲೋ ಕಲಿಸಿದ್ರಿ ಸರ್, ಹುಡುಗರು ಇನ್ನೂ ನೆನಸ್ತಾರ" ಎಂದಳು. ಆ ಮಾತಿನಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಕಳೆದ ಭಾನುವಾರ ಚಹಾ ಅಲ್ಲಿಗೇ ಬಿಟ್ಟು ಬಸ್ಸು ಹತ್ತಿ ವಾಡೆಗೆ ಹೋದೆ. ಯಾಕೆ ಹೋದೆನೋ, ಕೇಳಬೇಡಿ. ಮನೆಗಳಿಗೆ ಚಿಲಕ ಹಾಕಿತ್ತು. ಪ್ರಾರ್ಥನಾಮಂದಿರದಲ್ಲಿ ಮಾತ್ರ ಒಂಬತ್ತು ಹತ್ತು ಮಕ್ಕಳು, ಅವರ ಮುಂದೆ ಒಬ್ಬ ಹೆಂಗಸು. ಅವಳು ಲೂಸಿ. ಅಂದು ಪ್ರಶ್ನೆ ಕೇಳಿದ್ದವಳು. ನತಾಲಿನಬಾಯಿ ಗೋವಾದಲ್ಲೇ ತೀರಿಕೊಂಡು ಬಹಳ ವರ್ಷವಾಯಿತೆಂದು ಅವಳೇ ಹೇಳಿದಳು. ಆಮೇಲೆ ಮಕ್ಕಳ ಕಡೆ ತಿರುಗಿ, ಮುಖವರಳಿಸಿಕೊಂಡು, "ಒಂದು ದಿವಸ ಅಂದ್ರ ಕೋಟಿ ವರ್ಷ ಅಂತ ನತಾಲಿನಬಾಯಿ ನಮಗ ಕಲಿಸಿದ್ರು ಅಂತ ಹೇಳಿದ್ನಲ್ಲಾ? ಅದನ್ನ ಹೇಳಿಕೊಟ್ಟ ಸರ್ ಇವರ ನೋಡ್ರಿ" ಎಂದಳು.

ಮಕ್ಕಳು ಎದ್ದು ನಿಂತು ಕೈ ಮುಗಿದರು. ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆ.

"ಅದು ನಾ ಕಟ್ಟಿದ ಮಾತು" ಎಂದೆ. "ಯಾವ ವಿಜ್ಞಾನದಾಗೂ ಇಲ್ಲ, ನಿಮ್ಮ ಪುಸ್ತಕದಾಗೂ ಇಲ್ಲ. ಸೂರ್ಯ ಇಲ್ದ ಹುಲ್ಲು ಬೆಳಿಯೂದಿಲ್ಲ, ಅದು ಖರೆ. ಮೂರನೇ ದಿವಸದ ಹುಲ್ಲು ಹೆಂಗ ಅಂತ ಕೇಳಿದ್ರ ನನಗ ಗೊತ್ತಿಲ್ಲ. ಆದ್ರ ನತಾಲಿನಬಾಯಿ ನನ್ನ ಕೇಳೂದಕ್ಕಿಂತ ಮೊದಲ ಏನ್ ಹೇಳ್ತಿದ್ಲೋ, ಅದನ್ನ ಕಲೀರಿ. ಆರು ದಿವಸ ದುಡಿಯೂದು, ಏಳನೇ ದಿವಸ ಕುಂದ್ರೂದು. ಆ ಏಳನೇ ದಿವಸ ಇವತ್ತ."

ಲೂಸಿ ನನ್ನನ್ನೇ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ಒಂದು ಪುಟ್ಟ ಹುಡುಗಿ ಕೈ ಎತ್ತಿದಳು.

"ಹಂಗಾರ ನಮ್ಮವ್ವ ಇವತ್ತ ಕಬ್ಬಿನ ಹೊಲಕ್ಕ ಯಾಕ ಹೋಗ್ಯಾಳ್ರಿ ಸರ್?"

ಗೊತ್ತಿಲ್ಲ ಎನ್ನುವುದನ್ನು ಈ ವಯಸ್ಸಿಗೆ ಹೇಗೋ ಕಲಿತಿದ್ದೆ. ಅದು ನಾಲಿಗೆಯ ತುದಿಗೂ ಬಂತು. ಆದರೆ ಈ ಪ್ರಶ್ನೆಯ ಉತ್ತರ ನನಗೆ ಗೊತ್ತಿತ್ತು.