ಬೂರುಲ್ ಎಜೆಯ ಲ್ಯಾಪ್‌ಟಾಪು ಮತ್ತು ಇಬ್ಬರು ಜಮಾಲರು

ಕಿರ್ಗಿಜ್ ಬೆಟ್ಟಗಳ ನಡುವಿನ ನಮ್ಮ ಅತ್‌ಬಾಶಿಯಲ್ಲಿ ಬೂರುಲ್ ಎಜೆಯ ದನಿ ಕೇಳದವರಿಲ್ಲ. ನಾವೆಲ್ಲ ಅವಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುವುದು. ಮೊದಲು ಆ ದನಿ ಬಸ್ ನಿಲ್ದಾಣದ ಮೈಕಿನಲ್ಲಿ ಕೇಳಿಸುತ್ತಿತ್ತು. "ನಾರಿನ್‌ನಿಂದ ಬರುವ ಬಸ್ಸು ತಡವಾಗಿದೆ. ಕಾರಣ ತಿಳಿದಿಲ್ಲ." ಹಬ್ಬದ ದಿನವಾಗಲಿ, ಕಣಿವೆಯಲ್ಲಿ ಹಿಮ ಕುಸಿದು ದಾರಿ ಮುಚ್ಚಿದ ದಿನವಾಗಲಿ, ಆ ದನಿ ಏರಿದ್ದೂ ಇಲ್ಲ, ಇಳಿದದ್ದೂ ಇಲ್ಲ.

ಹೆಚ್ಚಾಗಿ ತಡವಾಗುತ್ತಿದ್ದದ್ದು ಜೂಮಾದಿಲ್ ಓಡಿಸುತ್ತಿದ್ದ ಬಸ್ಸು. ಒಂದು ದಿನ ಅವನು ಬಸ್ಸು ನಿಲ್ಲಿಸಿದವನೇ ನೇರ ಅವಳ ಕಿಟಕಿಗೆ ಬಂದ.

"ಕಾರಣ ತಿಳಿದಿಲ್ಲ ಅಂತ ಊರಿಗೆಲ್ಲ ಸಾರ್ತೀಯಲ್ಲ, ಒಂದ್ಸಲ ನನ್ನನ್ನೇ ಕೇಳಬಾರದಾ?"

"ಕಾರಣ ಏನು?"

"ಹೊತ್ತಿಗೆ ಸರಿಯಾಗಿ ಬಂದ್ರೆ ನೀನು ನನ್ನ ವಿಷಯ ಎತ್ತೋದೇ ಇಲ್ಲ."

ಆ ವರ್ಷವೇ ಅವರ ಮದುವೆಯಾಯಿತು.

ಆಮೇಲೆ ಊರಿಗೆ ಬಾಡಿಗೆ ಕಾರುಗಳು ಬಂದವು, ನಿಲ್ದಾಣ ಮುಚ್ಚಿತು. ಜೂಮಾದಿಲ್ ಎಂಜಿನ್ ಕೆಟ್ಟಿದ್ದ ತನ್ನ ಬಸ್ಸನ್ನು ಮನೆಗೆ ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ. ಬೂರುಲ್ ಎಜೆ ಇಸ್ತಾಂಬುಲಿಗೆ ಹೋಗಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಆ ಮುದುಕಿ ಬೆಳಗಿನಿಂದ ಮಲಗುವ ತನಕ ಟೀವಿಯ ಧಾರಾವಾಹಿ ನೋಡುತ್ತಿದ್ದಳು. ಎಜೆ ಟರ್ಕಿಯವರ ಭಾಷೆ ಕಲಿತದ್ದು ಅದರಿಂದಲೇ. ಹಾಗಾಗಿ ಆ ಭಾಷೆಯ ಸಾದಾ ಮಾತುಗಳು ಅವಳಿಗೆ ಬರುತ್ತಿರಲಿಲ್ಲ. ಕೊಳೆತ ಟೊಮೆಟೊ ಕೊಟ್ಟ ಅಂಗಡಿಯವನಿಗೆ, "ನೀನು ನನಗೆ ಹೀಗೆ ಮಾಡುತ್ತೀಯೆಂದು ಕನಸಿನಲ್ಲೂ ಎಣಿಸಿರಲಿಲ್ಲ" ಎಂದು ಹೇಳಿದಳಂತೆ. ಅವನು ಟೊಮೆಟೊ ಬದಲಾಯಿಸಿಕೊಟ್ಟನಂತೆ.

ಅವಳು ಊರಿಗೆ ಮರಳಿದಾಗ ಕೇಬಲ್ ಟೀವಿ ನಡೆಸುವ ತಾಲಾಯ್ ಬಂದು ಹಿಡಿದುಕೊಂಡ. ಅವನ ಹತ್ತಿರ ಒಂದು ಟರ್ಕಿ ಧಾರಾವಾಹಿ ಇತ್ತು, ಅದನ್ನು ಕಿರ್ಗಿಜ್ ಮಾತಿನಲ್ಲಿ ಹೇಳುವವರು ಬೇಕಿತ್ತು. ಗಂಡು, ಹೆಣ್ಣು, ಮಗು, ವೈದ್ಯ, ಕೊಲೆಗಾರ, ಎಲ್ಲರಿಗೂ ಒಂದೇ ದನಿ. ನಮ್ಮ ಕಡೆ ಹಾಗೆಯೇ. ಒಳಗಿನಿಂದ ಟರ್ಕಿ ಮಾತು ಸಣ್ಣಗೆ ಕೇಳುತ್ತಿರುತ್ತದೆ, ಮೇಲೆ ಎಜೆ ಅರ್ಥ ಹೇಳುತ್ತಾ ಹೋಗುತ್ತಾಳೆ. "ನೀನಿಲ್ಲದೆ ನಾನು ಬದುಕಲಾರೆ" ಎಂಬುದನ್ನೂ ಅವಳು ಬಸ್ಸು ತಡವಾದ ಹಾಗೆಯೇ ಹೇಳುತ್ತಿದ್ದಳು. ಜನಕ್ಕೆ ಅದು ಒಗ್ಗಿತು. ಪಕ್ಕದ ಮನೆಯಲ್ಲೇ ಇರುವ ನನ್ನ ಅಮ್ಮ ಹೇಳುತ್ತಿದ್ದಳು, "ಅವಳು ಹೇಳಲಿ ಸಾಕು. ಅಳೋದು ನಮ್ಮ ಕೆಲಸ."

ಈ ಕೆಲಸವನ್ನು ಎಜೆ ಮಾಡುತ್ತಿದ್ದದ್ದು ಅಂಗಳದ ಬಸ್ಸಿನಲ್ಲಿ. ಕಿಟಕಿಗಳಿಗೆ ಉಣ್ಣೆಯ ಜಮಖಾನ ಇಳಿಬಿಟ್ಟು, ಹಿಂದಿನ ಸೀಟಿನಲ್ಲಿ ಕೂತು, ತಾಲಾಯ್ ಕೊಟ್ಟ ಹಳೆಯ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ರೆಕಾರ್ಡು ಮಾಡುತ್ತಿದ್ದಳು. ಮನೆಯೊಳಗೆ ಗದ್ದಲ ಎಂದು ಅವಳು ಕಾರಣ ಕೊಡುತ್ತಿದ್ದಳು. ನಿಜವಾದ ಕಾರಣ ನಮಗೆಲ್ಲ ಗೊತ್ತಿತ್ತು. ಒಳಗೆ ಒಲೆಯ ಪಕ್ಕ ಅತ್ತೆ ಕಾಲಿಮಾನ್, ನಮಗೆಲ್ಲ ಅಪಾ, ಅಂದರೆ ಅಮ್ಮ, ಕೂತಿರುತ್ತಿದ್ದಳು. ಐವತ್ತು ದಾಟಿದ ಸೊಸೆಯಾದರೂ ಸೊಸೆ ಸೊಸೆಯೇ. ಅತ್ತೆಯ ಎದುರು ಕೂತು, "ನಲ್ಲ, ನನ್ನ ತುಟಿಗೆ ಮುತ್ತು ಕೊಡು" ಎಂದು ಹೇಗೆ ಹೇಳುವುದು?

ಇನ್ನೊಂದು ತೊಡಕೂ ಇತ್ತು. ಕಥೆಯ ನಾಯಕನ ಹೆಸರು ಕೆಮಾಲ್. ತೀರಿಹೋದ ಮಾವನ ಹೆಸರೂ ಅದೇ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಬಸ್ಸಿನಲ್ಲಿ ಒಬ್ಬಳೇ ಇದ್ದರೂ ತರುವಂತಿಲ್ಲ. ಎಜೆ ಮೊದಲ ಕಂತಿನಲ್ಲೇ ಅವನನ್ನು ಜಮಾಲ್ ಎಂದು ಮಾಡಿಬಿಟ್ಟಳು. ಯಾರಿಗೂ ತಿಳಿಯಲಿಲ್ಲ. ಆದರೆ ಕಥೆ ಅರ್ಧಕ್ಕೆ ಬಂದಾಗ ಜಮಾಲ್ ಎಂಬ ಹೆಸರಿನವನೇ ಒಬ್ಬ ಖಳ ಬಂದ. ಈಗ ಏನು ಮಾಡುವುದು? ಅವನ ಹೆಸರು ಬದಲಾಯಿಸಲು ಅವಳಿಗೆ ಮನಸ್ಸು ಬರಲಿಲ್ಲ. ಅವನು ತನ್ನ ಹೆಸರನ್ನು ತಾನೇ ತಂದಿದ್ದ. ಊರಿನವರು ಹೊಂದಿಕೊಂಡರು, ಒಳ್ಳೆ ಜಮಾಲ್, ಕೆಟ್ಟ ಜಮಾಲ್ ಎಂದು ಗುರುತು ಇಟ್ಟುಕೊಂಡರು.

ಹೀಗೆ ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ, ಚಳಿಗಾಲದ ಮೊದಲಲ್ಲಿ, ಲ್ಯಾಪ್‌ಟಾಪು ತಾನು ಹೊಸದಾಗಬೇಕು ಎಂದು ಕೇಳಿತು. ಎಜೆ ಆಗಲಿ ಎಂದು ಒತ್ತಿದಳು. ಅದು ಬೆಳಗಿನ ಹೊತ್ತೆಲ್ಲ ಒಂದು ಚಕ್ರ ತಿರುಗಿಸುತ್ತಾ ಕೂತು, ಕೊನೆಗೆ ಬೇರೊಂದು ಬೆಟ್ಟದ ಚಿತ್ರ ತೋರಿಸಿತು. ಉಳಿದಂತೆ ಎಲ್ಲ ಹಾಗೆಯೇ ಇತ್ತು. ಅವಳು ಬಸ್ಸಿಗೆ ಹೋಗಿ ರೆಕಾರ್ಡು ಶುರುಮಾಡಿದಳು. ಮೊದಲೆಲ್ಲ ಒಂದು ಕಂತು ಮುಗಿಯುವ ತನಕ ಬಾಳುತ್ತಿದ್ದ ಬ್ಯಾಟರಿ, ಅವತ್ತು ನಾಯಕನ ತಾಯಿ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಖಾಲಿಯಾಗಿ, ಪರದೆ ಕಪ್ಪಾಯಿತು.

ಚಾರ್ಜಿಗೆ ಹಾಕೋಣವೆಂದರೆ ಊರಲ್ಲಿ ಕರೆಂಟು ಹೋಗಿತ್ತು, ಕಂತಿನ ಹೊತ್ತಿಗಷ್ಟೇ ಮರಳಿತು. ಸಂಜೆ ತಾಲಾಯ್‌ಗೆ ಬೇರೆ ದಾರಿ ಇರಲಿಲ್ಲ. ಅರ್ಧ ಕಂತು ಎಜೆಯ ದನಿಯಲ್ಲಿ, ಉಳಿದರ್ಧ ಬರೀ ಟರ್ಕಿಯಲ್ಲಿ ಪ್ರಸಾರವಾಯಿತು.

ನಮ್ಮ ಮಾತಿಗೂ ಟರ್ಕಿಯವರ ಮಾತಿಗೂ ದೂರದ ನೆಂಟಸ್ತಿಕೆ ಇದೆ. ಹಾಗಾಗಿ ಎಲ್ಲರಿಗೂ ಸ್ವಲ್ಪ ಅರ್ಥವಾಯಿತು, ಒಬ್ಬೊಬ್ಬರಿಗೆ ಒಂದೊಂದು ಸ್ವಲ್ಪ. ಮಾರನೆಯ ಬೆಳಗ್ಗೆ ಅಂಗಡಿ ಬೀದಿಯಲ್ಲಿ ಅರ್ಧ ಜನ ನಾಯಕನ ತಾಯಿ ಸತ್ತಳು ಎಂದರು, ಇನ್ನರ್ಧ ಜನ ಜರ್ಮನಿಗೆ ಹೋದಳು ಎಂದರು. ಎಲ್ಲರೂ ಒಪ್ಪಿದ್ದು ಒಂದೇ ಮಾತು. ಕೆಮಾಲ್ ಎಂಬ ಹೊಸಬನೊಬ್ಬ ಕಥೆಗೆ ಬಂದಿದ್ದಾನೆ, ಎಲ್ಲರೂ ಅವನನ್ನೇ ಕೂಗುತ್ತಾರೆ, ಅವನು ಮಾತ್ರ ಮುಖ ತೋರಿಸುತ್ತಿಲ್ಲ.

ನನ್ನ ಅಮ್ಮ ಸತ್ತಳು ಎನ್ನುವವರ ಕಡೆ. ಅವತ್ತು ಶುಕ್ರವಾರ. ಅಮ್ಮ ಹಿಟ್ಟು ಕಲಸಿ, ಎಣ್ಣೆ ಕಾಯಿಸಿ, ಸತ್ತವರಿಗೆ ವಾಸನೆ ಮುಟ್ಟಲೆಂದು ಬೋರ್ಸೋಕ್ ಕರಿದಳು. ಒಂದು ತಟ್ಟೆ ಪಕ್ಕದ ಮನೆಗೂ ತೆಗೆದುಕೊಂಡು ಹೋದಳು.

"ಯಾರ ಹೆಸರಲ್ಲಿ?" ಬೂರುಲ್ ಎಜೆ ಕೇಳಿದಳು.

"ಒಳ್ಳೆ ಜಮಾಲನ ತಾಯಿ ಹೆಸರಲ್ಲಿ. ಪಾಪ, ಸೊಸೆ ಕೈಲಿ ಒಂದು ದಿನಾನೂ ಸುಖ ಕಾಣಲಿಲ್ಲ."

"ಅವಳು ಸತ್ತಿಲ್ಲ. ಆಪರೇಷನ್‌ಗೆ ಜರ್ಮನಿಗೆ ಹೋದಳು."

ಅಮ್ಮ ತಟ್ಟೆ ನೋಡಿದಳು. "ಕರಿದಾಗಿದೆ. ಈಗೇನು ಮಾಡೋದು?"

"ಇಟ್ಟು ಹೋಗಿ. ಅಂಥಾ ಆಪರೇಷನ್ ಏನೂ ಸಣ್ಣದಲ್ಲ."

ಎಜೆ ಲ್ಯಾಪ್‌ಟಾಪನ್ನು ಸಂತೆಯ ಹಿಂದೆ ಫೋನು ರಿಪೇರಿ ಮಾಡುವ ಉಲುಕ್ಮಾನ್ ಹತ್ತಿರ ಒಯ್ದಳು. ಅವನು ಅದನ್ನು ತೆರೆದು, ಒಳಹೊಕ್ಕು, ಬಹಳ ಹೊತ್ತು ನೋಡಿದ.

"ಎಜೆ, ಹೊಸದು ಹಾಕಿಕೊಂಡ ಮೇಲೆ ಇದು ಒಳಗೊಳಗೇ ಕೆಲಸ ಮಾಡ್ತಾ ಇದೆ. ಇರೋ ಫೈಲನ್ನೆಲ್ಲ ಮತ್ತೆ ಮತ್ತೆ ಹುಡುಕ್ತಾ ಇದೆ. ನೀವು ಸುಮ್ಮನಿದ್ರೂ ಅದು ಸುಮ್ಮನಿರಲ್ಲ."

"ಏನು ಹುಡುಕ್ತಾ ಇದೆ?"

"ಅದು ನನಗೂ ಹೇಳಲ್ಲ." ಅವನು ಕೆಲವನ್ನು ನಿಲ್ಲಿಸಿದ, ಪರದೆಯ ಬೆಳಕು ಇಳಿಸಿದ. "ಇದರಿಂದ ಸ್ವಲ್ಪ ಉಳಿಯುತ್ತೆ. ಆದ್ರೆ ಬ್ಯಾಟರಿಗೇ ವಯಸ್ಸಾಗಿದೆ. ಹೊಸ ಕೆಲಸ ಮೈಮೇಲೆ ಬಿದ್ದಾಗ ಗೊತ್ತಾಯ್ತು, ಅಷ್ಟೆ. ಬಿಷ್ಕೆಕ್‌ನಿಂದ ಬೇರೆ ತರಿಸ್ತೀನಿ. ಯಾವಾಗ ಬರುತ್ತೋ ಕೇಳಬೇಡಿ. ದಾರಿಲಿ ಹಿಮ ಇದೆ."

ಸ್ವಲ್ಪ ಉಳಿಯಿತು ನಿಜ. ಆದರೂ ಅದು ಮಧ್ಯಾಹ್ನವೆಲ್ಲ ಚಾರ್ಜು ಕುಡಿದು ಒಂದಿಷ್ಟು ಹೊತ್ತು ದುಡಿದು ಮಲಗಿಬಿಡುತ್ತಿತ್ತು. ನನ್ನ ಭಾವನೂ ಹಾಗೆಯೇ, ಆದರೆ ಅವನಿಂದ ಧಾರಾವಾಹಿ ನಿಂತಿರಲಿಲ್ಲ. ಜೂಮಾದಿಲ್ ಮನೆಯಿಂದ ಬಸ್ಸಿಗೆ ಅಂಗಳದುದ್ದಕ್ಕೂ ವೈರು ಎಳೆದ. ಎರಡನೆಯ ದಿನವೇ ಕರು ಅದನ್ನು ಕಡಿಯಿತು. ಕರುವಿಗೆ ಏನೂ ಆಗಲಿಲ್ಲ, ಇಡೀ ಮನೆಯ ಫ್ಯೂಸು ಹೋಯಿತು. ಕಾಲಿಮಾನ್ ಅಪಾ ಮಗನನ್ನು ಕರೆದು, ಅಂಗಳದಲ್ಲಿ ಒಂದೋ ಕರು ಇರಬೇಕು, ಇಲ್ಲವೇ ವೈರು ಇರಬೇಕು ಎಂದಳು. ವೈರು ಸುತ್ತಿಟ್ಟರು.

ಉಳಿದದ್ದು ಮನೆಯೊಳಗಿನ ಪ್ಲಗ್ಗು. ಒಂದಕ್ಕೆ ಫ್ರಿಜ್ಜು ಹಾಕಿತ್ತು. ಇನ್ನೊಂದು ಒಲೆಯ ಪಕ್ಕ, ಅಪಾ ಕೂರುವ ಹಾಸಿನ ತಲೆಯ ಹತ್ತಿರ.

ಎಜೆ ಎರಡು ದಿನ ಅತ್ತೆ ನೆರೆಮನೆಗೆ ಹೋಗಲಿ ಎಂದು ಕಾದಳು. ಅಪಾ ಚಳಿಗಾಲದಲ್ಲಿ ಎಲ್ಲಿಗೂ ಹೋಗುವವಳಲ್ಲ. ಆ ಎರಡು ಸಂಜೆ ತಾಲಾಯ್ ಹಳೆಯ ಕಂತುಗಳನ್ನೇ ಹಾಕಿದ. ಮೂರನೆಯ ದಿನ ಅವನು ಮನೆ ಬಾಗಿಲಿಗೇ ಬಂದ.

"ಎಜೆ, ಜನ ನನ್ನ ಕಾರಿನ ಗಾಳಿ ಬಿಟ್ಟಿದ್ದಾರೆ."

"ಯಾವ ಚಕ್ರದ್ದು?"

"ನಾಲ್ಕೂ."

ಅವತ್ತು ಎಜೆ ಅತ್ತೆಗೆ ಬೆನ್ನು ಮಾಡಿ ಕೂತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಮೈಕನ್ನು ಬಾಯಿಗೆ ಹತ್ತಿರ ಹಿಡಿದು ಶುರುಮಾಡಿದಳು. ಪೊಲೀಸರ ಮಾತು, ವಕೀಲನ ಮಾತು ಸಲೀಸಾಗಿ ಹೋಯಿತು. ಆಮೇಲೆ ನಾಯಕಿ ರೈಲು ನಿಲ್ದಾಣದಲ್ಲಿ ನಾಯಕನ ಕೈ ಹಿಡಿದುಕೊಂಡಳು. ಎಜೆಯ ದನಿ ಮೊದಲ ಸಲ ಇಳಿಯಿತು.

"ಕೇಳಿಸ್ತಿಲ್ಲ," ಹಿಂದಿನಿಂದ ಅಪಾ ಹೇಳಿದಳು. "ಏನಂತಾಳೆ?"

ಎಜೆ ನಿಲ್ಲಿಸಿದಳು. "ಹೋಗಬೇಡ ಅಂತಾಳೆ, ಅಪಾ."

"ಅಷ್ಟೊಂದು ಹೊತ್ತು ಬಾಯಾಡಿಸಿದ್ದು ಬರೀ ಅಷ್ಟಕ್ಕಾ? ನಂಗೆ ಕಣ್ಣು ಇದೆ. ಪೂರ್ತಿ ಹೇಳು."

ಎಜೆ ಮತ್ತೆ ಹಿಂದಕ್ಕೆ ಹೋಗಿ ಶುರುಮಾಡಿದಳು. "ಜಮಾಲ್, ನೀನಿಲ್ಲದೆ..."

"ಕೆಮಾಲ್," ಅಪಾ ಎಂದಳು.

ಒಲೆಯಲ್ಲಿ ಕಲ್ಲಿದ್ದಲು ಕುಸಿಯಿತು. ಬಾಗಿಲ ಬಳಿ ಬೂಟು ತೊಡುತ್ತಿದ್ದ ಜೂಮಾದಿಲ್ ಒಂದು ಕಾಲಿನ ಬೂಟಿನಲ್ಲೇ ನಿಂತ. ಅವನ ತಾಯಿ ಆ ಹೆಸರು ಹೇಳಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೆಂಡತಿಯಾದವಳೂ ಗಂಡನ ಹೆಸರು ಹೇಳುವುದಿಲ್ಲ. ಇದ್ದಾಗಲೂ ಹೇಳಿರಲಿಲ್ಲ, ಮಣ್ಣು ಮಾಡಿದ ದಿನವೂ ಹೇಳಿರಲಿಲ್ಲ.

"ಮೊನ್ನೆ ಟೀವಿಲಿ ಎಲ್ಲಾ ಅವನನ್ನ ಹಾಗೇ ಕೂಗಿದ್ರು," ಅಪಾ ಹೇಳಿದಳು. "ಹೊಸಬ ಯಾರೂ ಬಂದಿರಲಿಲ್ಲ. ಊರಿನವರಿಗೆ ತಲೆ ಇಲ್ಲ. ನೀನು ಇಷ್ಟು ದಿನ ಹೆಸರು ಬದಲಾಯಿಸಿದ್ದು ನಿಮ್ಮ ಮಾವನಿಗೋಸ್ಕರಾನಾ?"

"ಹೂಂ ಅಪಾ."

"ಆ ಬಸ್ಸಲ್ಲಿ ಒಬ್ಬಳೇ ಕೂತುಕೊಂಡೂ?"

"ಹೂಂ."

ಅಪಾ ಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸಿದಳು. "ಅವರು ನನ್ನನ್ನ ಒಂದು ದಿನಾನೂ ಹೆಸರು ಹಿಡಿದು ಕರೀಲಿಲ್ಲ. 'ಏಯ್' ಅಂತಿದ್ರು. ನಾನು 'ಏನ್ರೀ' ಅಂತಿದ್ದೆ. ಹಾಗೇ ಜನ್ಮ ಕಳೀತು. ಈಗ ಅವರ ಹೆಸರನ್ನ ಯಾರೂ ಹೇಳೋದೇ ಇಲ್ಲ. ಹೇಳೋ ವಯಸ್ಸಿನವರೆಲ್ಲ ಹೋದ್ರು. ನೀನು ಹೇಳು. ನಾನೇ ಹೇಳ್ತಿದೀನಿ, ಹೇಳು."

ಎಜೆ ಮೈಕು ಹಿಡಿದಳು. "ಕೆಮಾಲ್," ಎಂದಳು. ಬಸ್ ನಿಲ್ದಾಣದ ಅದೇ ದನಿ. "ನೀನಿಲ್ಲದೆ ನಾನು ಬದುಕಲಾರೆ."

"ಕೆಮಾಲ್," ಹಿಂದೆ ಕೂತ ಅಪಾ ಮೆಲ್ಲಗೆ ಹೇಳಿ ನೋಡಿದಳು. ಇನ್ನೊಂದು ಸಲವೂ ಹೇಳಿದಳು. ಜೂಮಾದಿಲ್ ಇನ್ನೊಂದು ಬೂಟು ತೊಡದೆ ಹಾಗೇ ಹೊರಗೆ ಹೋಗಿ ಹಿಮದಲ್ಲಿ ನಿಂತಿದ್ದ. ಅವನನ್ನು ನಾನೇ ನೋಡಿದೆ. ಏನಾಯಿತು ಎಂದು ಕೇಳಿದ್ದಕ್ಕೆ, ಒಳಗೆ ಹೊಗೆ ಎಂದ.

ಅಪಾ ಮೆಲ್ಲಗೆ ಹೇಳಿದ್ದೂ ರೆಕಾರ್ಡಾಗಿತ್ತು. ಅಳಿಸಿ ಮತ್ತೆ ಮಾಡಲು ಹೊತ್ತಿರಲಿಲ್ಲ. ಸಂಜೆ ಹಾಗೆಯೇ ಪ್ರಸಾರವಾಯಿತು. ರೈಲು ನಿಲ್ದಾಣದಲ್ಲಿ ನಾಯಕಿ ಅಳುತ್ತಿದ್ದಾಳೆ, ಎಲ್ಲಿಂದಲೋ ಒಬ್ಬ ಮುದುಕಿ ಅವನ ಹೆಸರನ್ನು ಎರಡು ಸಲ ಕರೆಯುತ್ತಾಳೆ. ನನ್ನ ಅಮ್ಮ ಆ ದನಿಯ ಗುರುತು ಹಿಡಿದಳು. ಟೀವಿಯ ಕಡೆ ನೋಡುತ್ತಲೇ ತಲೆಯ ವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. ಮಾರನೆಯ ದಿನ ಬೀದಿಯ ಮೂವರು ಮುದುಕಿಯರು ಚಹಾಕ್ಕೆಂದು ಅಪಾಳ ಮನೆಗೆ ಬಂದು ಕತ್ತಲಾಗುವ ತನಕ ಕೂತರು. ಅವರವರ ಗಂಡಂದಿರ ಹೆಸರು ಅವತ್ತು ಆ ಮನೆಯಲ್ಲಿ ಕೇಳಿಸಿತು ಎಂದು ಎಜೆ ಆಮೇಲೆ ಹೇಳಿದಳು. ಒಬ್ಬಳಿಗೆ ಪೂರ್ತಿ ನೆನಪಾಗಲಿಲ್ಲವಂತೆ.

ತಾಲಾಯ್ ಮಾತ್ರ ಫೋನು ಮಾಡಿ ಕೇಳಿದ, "ಎಜೆ, ಆ ಅಜ್ಜಿ ಯಾವ ಪಾತ್ರ? ಮುಂದೆ ಬರ್ತಾಳಾ?"

"ದಿನಾ ಬರ್ತಾಳೆ," ಎಂದಳು ಎಜೆ.

ಒಂದು ಕೆಲಸ ಬಾಕಿ ಇತ್ತು. ಊರು ಇನ್ನೂ ಆ ಹೊಸಬನಿಗಾಗಿ ಕಾಯುತ್ತಿತ್ತು. ಮುಂದಿನ ಕಂತಿನ ಮೊದಲಲ್ಲಿ, ಸಂಗೀತ ನಿಂತ ಮೇಲೆ, ಎಜೆಯ ದನಿ ಬಂತು: "ಗಮನಿಸಿ. ಇಂದಿನಿಂದ ಒಳ್ಳೆ ಜಮಾಲರ ಹೆಸರು ಕೆಮಾಲ್. ಕೆಟ್ಟ ಜಮಾಲರ ಹೆಸರಿನಲ್ಲಿ ಬದಲಾವಣೆ ಇಲ್ಲ." ಯಾರೂ ಪ್ರಶ್ನೆ ಕೇಳಲಿಲ್ಲ. ಅಮ್ಮ ಮಾತ್ರ, "ಮೊದಲೇ ಅನ್ನಿಸಿತ್ತು, ಅವನಿಗೆ ಆ ಹೆಸರು ಒಪ್ಪುತ್ತಿರಲಿಲ್ಲ" ಎಂದಳು.

ಹೊಸ ಬ್ಯಾಟರಿ ಬಂದದ್ದು ಹಿಮ ಕರಗಲು ಶುರುವಾದ ಮೇಲೆ, ಬಾಡಿಗೆ ಕಾರೊಂದರಲ್ಲಿ, ಆಲೂಗಡ್ಡೆ ಚೀಲಗಳ ನಡುವೆ. ಉಲುಕ್ಮಾನ್ ಅದನ್ನು ಕೂರಿಸಿಕೊಟ್ಟ. ಕಂತು ಮುಗಿದರೂ ಬ್ಯಾಟರಿ ಮಿಗುತ್ತಿತ್ತು. ಎಜೆ ಲ್ಯಾಪ್‌ಟಾಪು ತೆಗೆದುಕೊಂಡು ಬಸ್ಸಿಗೆ ಹೊರಟಳು. ತಿರುಗಿ ನೋಡಿದರೆ ಅಪಾ ಕೋಟು ತೊಟ್ಟು, ಬೂಟು ಹಾಕಿಕೊಂಡು, ಕೋಲು ಊರುತ್ತಾ ಹಿಂದೆಯೇ ಬರುತ್ತಿದ್ದಳು.

"ಅಪಾ, ಬಸ್ಸಲ್ಲಿ ಚಳಿ."

"ಕಥೆ ಅರ್ಧದಲ್ಲಿದೆ."

"ಸಂಜೆ ಟೀವಿಲಿ ಬರುತ್ತಲ್ಲ."

"ಸಂಜೆ ಊರಿಗೆಲ್ಲ ಬರುತ್ತೆ," ಎಂದು ಅಪಾ ಬಸ್ಸಿನ ಮೆಟ್ಟಿಲಿಗೆ ಕೋಲು ಊರಿದಳು.

ಜೂಮಾದಿಲ್ ಆ ವಾರವೇ ಚಾಲಕನ ಸೀಟು ಕಿತ್ತು ಆ ಜಾಗದಲ್ಲಿ ಒಂದು ಸಣ್ಣ ಕಬ್ಬಿಣದ ಒಲೆ ಕೂರಿಸಿದ, ಚಾವಣಿಗೆ ತೂತು ಕೊರೆದು ಕೊಳವೆ ಎತ್ತಿದ. ಒಲೆಯ ಚಟಪಟ ಧಾರಾವಾಹಿಯಲ್ಲಿ ಕೇಳಿಸುತ್ತದೆ. ಇಸ್ತಾಂಬುಲಿನಲ್ಲಿ ಬೇಸಿಗೆಯಲ್ಲೂ ಒಲೆ ಉರಿಸುತ್ತಾರೆ ಎಂದು ನಮ್ಮೂರಿನವರು ನಂಬಿದ್ದಾರೆ. ಮಧ್ಯಾಹ್ನ ಬಸ್ಸಿನ ಮೇಲೆ ಹೊಗೆ ಎದ್ದರೆ ಸಂಜೆಗೆ ಹೊಸ ಕಂತು ಇದೆ ಎಂದು ಲೆಕ್ಕ. ಹೊಗೆ ಕಾಣದ ದಿನ ತಾಲಾಯ್ ಹಿಮಚಿರತೆಗಳ ಚಿತ್ರ ಹಾಕುತ್ತಾನೆ, ಅದಕ್ಕೆ ಮಾತು ಬೇಕಾಗುವುದಿಲ್ಲ.